ಮೆಚ್ಚುಗೆ ಮೀಮಾಂಸೆ: ವಾಟ್ಸಾಪ್ ಸಾಹಿತ್ಯ ಬಳಗಗಳ ಶಾಸ್ತ್ರೀಯ ಪರಿಶೀಲನೆ

ಶಾಸ್ತ್ರಗ್ರಂಥ ಬರೆಯಹೊರಟವನು ಮೊದಲು ನಾಲ್ಕು ಸಂಗತಿ ತಿಳಿಸಬೇಕೆಂಬುದು ಪೂರ್ವಿಕರ ಕಟ್ಟಳೆ. ವಿಷಯ: ವಾಟ್ಸಾಪ್ ಸಾಹಿತ್ಯ ಬಳಗಗಳಲ್ಲಿ ಕಥೆ, ಕವನ ಹಾಕುವವರಿಗೂ ಅವನ್ನು ಮೆಚ್ಚುವವರಿಗೂ ನಡುವೆ ಹಗಲಿರುಳು ನಡೆಯುವ ವ್ಯವಹಾರ. ಪ್ರಯೋಜನ: ಇ-ಪ್ರಮಾಣಪತ್ರ. ಸಂಬಂಧ: ತಾವು ನಮ್ಮದನ್ನು ನೋಡಿದರೆ ನಾವು ತಮ್ಮದನ್ನು ನೋಡುತ್ತೇವೆ. ಅಧಿಕಾರಿ: ಅಡ್ಮಿನ್. ಕೊನೆಯದರ ಬಗ್ಗೆ ಮಾತ್ರ ಸ್ವಲ್ಪ ಭಿನ್ನಮತವಿತ್ತು. ಭಿನ್ನಮತೀಯರು ಈಗ ಬಳಗದಲ್ಲಿಲ್ಲ.

ಇಂಥ ಬಳಗಗಳು ನಿನ್ನೆ ಮೊನ್ನೆ ಹುಟ್ಟಿದವೆಂದು ತಿಳಿದವರು ಅಲ್ಪಜ್ಞರು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, 9ನೆಯ ಶತಮಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ'ವು ಕಾವೇರಿಯಿಂದ ಗೋದಾವರಿಯವರೆಗಿನ ಈ ನಾಡಿನ ಜನ ಉದ್ದೇಶವಿಟ್ಟು ಓದದೆಯೇ ಕಾವ್ಯ ಕಟ್ಟಬಲ್ಲವರು ಎಂದು ಹೇಳಿದೆ. ವಿದ್ವಾಂಸರು ಇದನ್ನು ಹೊಗಳಿಕೆ ಎಂದು ತಿಳಿದು ಹೆಮ್ಮೆಪಟ್ಟಿದ್ದಾರೆ. ನಮ್ಮ ಮತದಲ್ಲಿ ಅದು ವರದಿ. ಮುಂದುವರಿದು ಆ ಗ್ರಂಥ, ಇಲ್ಲಿ ಚಿಕ್ಕ ಮಕ್ಕಳೂ ಮೂಗರೂ ಕೂಡ ವಿವೇಕವನ್ನು ತಿಳಿಸಬಲ್ಲರು ಎನ್ನುತ್ತದೆ. ಬಾಯಿ ಬಿಡದೆ ವಿವೇಕ ತಿಳಿಸುವುದು ಹೇಗೆಂಬುದು ಬಹುಕಾಲ ನಮ್ಮನ್ನು ಕಾಡಿತ್ತು. 2022ರಲ್ಲಿ ವಾಟ್ಸಾಪಿನವರು ಸಂದೇಶದ ಬುಡಕ್ಕೇ ಎಮೋಜಿ ಅಂಟಿಸುವ ಸೌಲಭ್ಯ ತಂದ ಮೇಲೆ ಆ ಪದ್ಯ ನಿಚ್ಚಳವಾಯಿತು. ಅದೇ ವರ್ಷ ಒಂದು ಗುಂಪಿನಲ್ಲಿ 1024 ಜನ ಸೇರಬಹುದೆಂದೂ ಆಯಿತು. ನೃಪತುಂಗನ ಆಸ್ಥಾನದಲ್ಲೂ ಇಷ್ಟೊಂದು ಕವಿಗಳಿದ್ದಿರಲಾರರು. ಇದ್ದಿದ್ದರೆ ಅವನಿಗೆ ರಾಜ್ಯವಾಳುವುದಕ್ಕೆ ಬಿಡುವಾಗುತ್ತಿರಲಿಲ್ಲ.

ಬಳಗದ ದಿನಚರಿಯನ್ನು ನೋಡಿದರೆ ಅದು ಅವಧಾನಕಲೆಯ ಸಾಮೂಹಿಕ ರೂಪವೆಂಬುದು ಗೊತ್ತಾಗುತ್ತದೆ. ಅಷ್ಟಾವಧಾನದಲ್ಲಿ ಒಬ್ಬ ಅವಧಾನಿಯನ್ನು ಎಂಟು ಪೃಚ್ಛಕರು ಪೀಡಿಸುತ್ತಾರೆ. ಇಲ್ಲಿ ಒಬ್ಬ ಅಡ್ಮಿನ್ ಇಡೀ ಬಳಗವನ್ನು ಪೀಡಿಸುತ್ತಾರೆ, ಬಳಗ ಬಡ್ಡಿ ಸಮೇತ ತಿರುಗಿಸುತ್ತದೆ. ಬೆಳಿಗ್ಗೆ ಆರಕ್ಕೆ ದತ್ತಪದ, ಎಂದರೆ ಬರಹದಲ್ಲಿ ಬರಲೇಬೇಕಾದ ಪದ, ಬೀಳುತ್ತದೆ. ಸೋಮವಾರ ಹನಿಗವನ, ಮಂಗಳವಾರ ಗಜಲ್, ಬುಧವಾರ ಚಿತ್ರಕ್ಕೊಂದು ಕವನ, ಗುರುವಾರ ನ್ಯಾನೋ ಕಥೆ, ಶುಕ್ರವಾರ ಲಕ್ಷ್ಮೀ ಸ್ತುತಿ. ನಿಷೇಧಾಕ್ಷರಿಯೂ ಉಂಟು: ರಾಜಕೀಯ, ಜಾತಿ, ಧರ್ಮ ನಿಷಿದ್ಧ, ಹೀಗಾಗಿ ಮುಂಗಾರು ಮಳೆ, ತಾಯಿ ಮತ್ತು ಕನ್ನಡಾಂಬೆಯ ಮೇಲಷ್ಟೇ ಭಾರ ಬೀಳುತ್ತದೆ. ಅವಧಾನಿಯ ಏಕಾಗ್ರತೆ ಕೆಡಿಸಲೆಂದೇ ಅಲ್ಲಿ ಅಪ್ರಸ್ತುತ ಪ್ರಸಂಗಿ ಒಬ್ಬನಿರುತ್ತಾನೆ. ಇಲ್ಲಿ ಆ ಕೆಲಸಕ್ಕೆ ಸ್ವಯಂಸೇವಕರು ಧಾರಾಳ: ಗಜಲಿನ ಮತ್ಲಾಕ್ಕೂ ಮಕ್ತಾಕ್ಕೂ ನಡುವೆ ಶುಭೋದಯದ ಗುಲಾಬಿ, ಮಂಡಿನೋವಿಗೆ ಮೆಂತ್ಯ, ದೇವನಹಳ್ಳಿ ಹತ್ತಿರ ಸೈಟು.

ಈಗ ಮುಖ್ಯ ವಿಚಾರ. ಬಳಗದಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವ ವಾಕ್ಯ 'ತುಂಬಾ ಚೆನ್ನಾಗಿ ಮೂಡಿಬಂದಿದೆ ಸರ್' ಎಂಬುದು. ಇದರ ಅರ್ಥವೇನು? ನಮ್ಮ ನೃಪತುಂಗನ ಶತಮಾನದಲ್ಲೇ ಕಾಶ್ಮೀರದಲ್ಲಿದ್ದ ಆನಂದವರ್ಧನನ ದಾರಿ ಹಿಡಿದು ವಿವೇಚಿಸೋಣ. ಅಭಿಧೆಯಿಂದ ಸಿಗುವ ವಾಚ್ಯಾರ್ಥ, ಕವನ ಚೆನ್ನಾಗಿದೆ ಎಂಬುದು. ಇದು ಬಾಧಿತವಾಗುತ್ತದೆ, ಐವತ್ತು ಸಾಲಿನ ಕವನ ಬಿದ್ದ ಆರನೆಯ ಸೆಕೆಂಡಿಗೇ ಈ ವಾಕ್ಯ ಬಂದಿರುತ್ತದೆ. ಮುಖ್ಯಾರ್ಥ ಹೊಂದದಿದ್ದರೆ ಲಕ್ಷಣೆಗೆ ಹೋಗಬೇಕು. ಗಂಗೆಯಲ್ಲಿ ಹಳ್ಳಿ ಇದೆ ಎಂದರೆ ನೀರೊಳಗಲ್ಲ, ಗಂಗೆಯ ದಡದಲ್ಲಿ ಎಂದು ನಾವು ತಿಳಿಯುವುದಿಲ್ಲವೇ? ಹಾಗೆ ಇದರ ಲಕ್ಷ್ಯಾರ್ಥ: ತಮ್ಮ ಕವನದ ದಡದವರೆಗೆ ಬಂದಿದ್ದೇನೆ, ಇಳಿದಿಲ್ಲ. ಇದಕ್ಕೂ ಆಚೆ, ಸಹೃದಯರಿಗೆ ಮಾತ್ರ ಹೊಳೆಯುವ ಧ್ವನಿಯೊಂದಿದೆ: ಬೆಳಿಗ್ಗೆ ಏಳಕ್ಕೆ ನಾನೊಂದು ಹನಿಗವನ ಹಾಕಿದ್ದೆ, ತಾವಿನ್ನೂ ಆ ಕಡೆ ಬಂದಂತಿಲ್ಲ.

ಸರ್ ಎನ್ನಬೇಕಾದಲ್ಲಿ ಮೇಡಂ ಎಂದಿದ್ದರೆ, ಆ ಮೆಚ್ಚುಗೆ ಹಿಂದಿನ ಕವನದಿಂದ ಎತ್ತಿ ಅಂಟಿಸಿದ್ದು. ಇದು ಲಿಂಗದೋಷವೇ ಹೊರತು ಭಾವದೋಷವಲ್ಲ. ಭಾವದೋಷಕ್ಕೆ ಉದಾಹರಣೆ ಬೇರೆ ಇದೆ. ಒಬ್ಬರು ತಮ್ಮ ತಾಯಿ ತೀರಿಕೊಂಡ ಸುದ್ದಿಯನ್ನು ನಾಲ್ಕು ಸಾಲಿನಲ್ಲಿ ಹಾಕಿದರೆ, ಕೆಳಗೆ 'ಸೂಪರ್ ಸರ್, ಅಂತ್ಯಪ್ರಾಸ ಸೊಗಸಾಗಿದೆ' ಎಂದು ಬಂತು. 11ನೆಯ ಶತಮಾನದ ಕ್ಷೇಮೇಂದ್ರ ಔಚಿತ್ಯವೇ ಕಾವ್ಯದ ಜೀವವೆಂದು ಒಂದು ಗ್ರಂಥವನ್ನೇ ಬರೆದ. ಪಾಪ, ಹೆಬ್ಬೆರಳಿನಿಂದ ಟೈಪು ಮಾಡುವವರ ಅವಸರ ಅವನಿಗೆ ಗೊತ್ತಿರಲಿಲ್ಲ.

ರಸ ಎಲ್ಲಿರುತ್ತದೆ ಎಂಬ ಹಳೆಯ ಜಗಳವೂ ಇಲ್ಲಿ ಮತ್ತೆ ತಲೆಯೆತ್ತುತ್ತದೆ. ನಟನನ್ನು ಕಂಡು ರಾಮನನ್ನು ಊಹಿಸುವುದು, ಚಿತ್ರದ ಕುದುರೆಯನ್ನು ಕಂಡು ಕುದುರೆ ಎನ್ನುವ ಹಾಗೆ ಎಂದು ಆಲಂಕಾರಿಕ ಶಂಕುಕ ಹೇಳಿದ. ಎರಡು ನೀಲಿ ಗೀರು ಕಂಡು 'ಓದಿದ್ದಾರೆ' ಎಂದು ಕವಿ ಪುಳಕಗೊಳ್ಳುವುದೂ ಇದೇ ಚಿತ್ರತುರಗನ್ಯಾಯ. ಕವಿ ಆ ಕುದುರೆಯನ್ನು ಹತ್ತಿಯೂ ಬಿಡುತ್ತಾನೆ ಎಂಬುದು ನಮ್ಮ ಹೊಸ ಸೇರ್ಪಡೆ.

ಇಷ್ಟಕ್ಕೂ ಈ ವ್ಯವಹಾರ ನಿಂತಿರುವುದು ಯಾವ ತತ್ತ್ವದ ಮೇಲೆ? ಉತ್ತರಕ್ಕೆ ಕಾಶ್ಮೀರದವರೆಗೆ ಹೋಗಬೇಕಿಲ್ಲ, ಯಾವುದಾದರೂ ಮದುವೆಮನೆಯ ಬಾಗಿಲವರೆಗೆ ಹೋದರೆ ಸಾಕು. ಅಲ್ಲಿ ಮುಯ್ಯಿ ಬರೆಯುವವರು ನೋಟುಬುಕ್ಕು ಹಿಡಿದು ಕೂತಿರುತ್ತಾರೆ. ಇಂಥ ಊರಿನ ಇಂಥವರು ಇಷ್ಟು ಎಂದು ಬರೆದದ್ದು, ಅವರ ಮನೆಯ ಮದುವೆಗೆ ಹೊರಡುವ ಮುಂಚೆ ಟ್ರಂಕಿನಿಂದ ಹೊರಬರುತ್ತದೆ. ಕೊಟ್ಟಷ್ಟಕ್ಕೆ ಹತ್ತು ರೂಪಾಯಿ ಸೇರಿಸಿ ಕೊಟ್ಟರೆ ಮರ್ಯಾದೆ, ಕಡಿಮೆ ಕೊಟ್ಟರೆ ಮೂರು ತಲೆಮಾರಿನ ಮಾತು. ಬಳಗದ ಪ್ರತಿ ಸದಸ್ಯರ ತಲೆಯಲ್ಲೂ ಈ ನೋಟುಬುಕ್ಕು ಇದೆ. ಒಂದು ಚಪ್ಪಾಳೆಗೆ ಒಂದು ಚಪ್ಪಾಳೆ. ಮೂರು ಚಪ್ಪಾಳೆ, ಒಂದು ಹೂಗುಚ್ಛಕ್ಕೆ ಕಡೇಪಕ್ಷ ಎರಡು ಸಾಲಿನ ಪ್ರಶಂಸೆ. ಮುಗಿದ ಕೈಗಳ ಬೆಲೆ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಅದು ಧನ್ಯವಾದವೋ, ಶರಣಾಗತಿಯೋ, ಸಾಕು ನಿಲ್ಲಿಸಿ ಎಂಬ ಪ್ರಾರ್ಥನೆಯೋ ಎಂಬುದು ಸಂದರ್ಭವನ್ನು ಅವಲಂಬಿಸಿದೆ. ಮುಯ್ಯಿ ಹಾಕುವವರಾರೂ ಮದುಮಗನ ಯೋಗ್ಯತೆ ವಿಚಾರಿಸುವುದಿಲ್ಲ. ಊಟ ಮಾಡಿ, ಅಕ್ಷತೆ ಹಾಕಿ ಬರುತ್ತಾರೆ. ಕವನ ಹೇಗಿದೆ ಎಂದು ಕೇಳುವುದೂ ಅಷ್ಟೇ ಅಸಭ್ಯ.

ಕೃತಿಪ್ರಸಾರದ ವಿಷಯಕ್ಕೆ ಬಂದರೆ ಅತ್ತಿಮಬ್ಬೆಯನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. 10ನೆಯ ಶತಮಾನದ ಈ ತಾಯಿ ಪೊನ್ನನ 'ಶಾಂತಿಪುರಾಣ'ಕ್ಕೆ ಓಲೆಗರಿಯಲ್ಲಿ ಸಾವಿರ ಪ್ರತಿ ಮಾಡಿಸಿ ಹಂಚಿದಳು. ರನ್ನನಿಗೆ ಆಸರೆಯಾಗಿ 'ಅಜಿತಪುರಾಣ' ಬರೆಸಿದಳು. ನಮ್ಮವರೂ ಹಂಚುತ್ತಾರೆ. ವ್ಯತ್ಯಾಸ ಎರಡೇ. ಒಂದು, ಅತ್ತಿಮಬ್ಬೆ ಪ್ರತಿ ಮಾಡಿಸುವಾಗ ಪೊನ್ನನ ಹೆಸರನ್ನು ತೆಗೆಸಲಿಲ್ಲ. ಈಗ ಕವನ ಮೂರು ಗುಂಪು ದಾಟುವಷ್ಟರಲ್ಲಿ ಅಂಕಿತನಾಮ ಉದುರಿ, ಐದನೆಯದರಲ್ಲಿ ಕುವೆಂಪು ಅವರದಾಗಿ, ಮರುದಿನ 'ಎಷ್ಟು ಅರ್ಥಪೂರ್ಣ, ಓದಲೇಬೇಕು' ಎಂಬ ಒಕ್ಕಣೆಯೊಂದಿಗೆ ಬರೆದವರ ಮೊಬೈಲಿಗೇ ವಾಪಸು ಬರುತ್ತದೆ. ಎರಡು, 2018ರಲ್ಲಿ ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸಬಹುದೆಂದು ಮಿತಿ ಹಾಕಿತು. ಅತ್ತಿಮಬ್ಬೆಗೆ ಆ ತೊಂದರೆ ಇರಲಿಲ್ಲ.

ಗದುಗಿನ ಕುಮಾರವ್ಯಾಸ ತಾನು ಬರೆದ ಪದವನ್ನು ಅಳಿಸುವವನಲ್ಲ ಎಂದು ಹೆಮ್ಮೆಯಿಂದ ಹೇಳಿಕೊಂಡ. ನಮ್ಮ ಕವಿಗಳದೂ ಅದೇ ವ್ರತ, ಆದರೆ 'ಈ ಸಂದೇಶವನ್ನು ಅಳಿಸಲಾಗಿದೆ' ಎಂಬ ಸಾಲು ಹುಟ್ಟಿಸುವಷ್ಟು ಕುತೂಹಲವನ್ನು ಇದ್ದ ಕವನ ಯಾವುದೂ ಹುಟ್ಟಿಸಿಲ್ಲ. 'ಏನದು ಸರ್?' ಎಂದು ಐವತ್ತು ಜನ ಕೇಳುತ್ತಾರೆ. ಇದನ್ನು ಶೂನ್ಯಕಾವ್ಯವೆಂಬ ಹೊಸ ಪ್ರಕಾರವಾಗಿ ಗುರುತಿಸಬೇಕೆಂದು ಶಿಫಾರಸು ಮಾಡುತ್ತೇವೆ.

ಕಾವ್ಯದಿಂದ ಕೀರ್ತಿ, ಹಣ, ಲೋಕವ್ಯವಹಾರದ ತಿಳಿವಳಿಕೆ, ಅಮಂಗಳದ ನಾಶ ಮೊದಲಾದ ಫಲಗಳಿವೆಯೆಂದು ಆಲಂಕಾರಿಕ ಮಮ್ಮಟ ಎಣಿಸಿದ್ದಾನೆ. ಕೀರ್ತಿಗೆ ಇ-ಪ್ರಮಾಣಪತ್ರವಿದೆ, ನಾಲ್ಕು ಮೂಲೆಗೂ ಹೂಬಳ್ಳಿ, ನಡುವೆ ಮದುವೆಯ ಕಾಲದ ಭಾವಚಿತ್ರ. ಹಣದ ವಿಷಯದಲ್ಲಿ ಹರಿವು ಎದುರು ದಿಕ್ಕಿನದು; ಬಳಗದ ಸಂಕಲನಕ್ಕೆ ಕವಿಯೇ ಹಣ ಕೊಟ್ಟು ಹತ್ತು ಪ್ರತಿ ಕೊಳ್ಳಬೇಕು. ಇನ್ನು ಅಮಂಗಳದ ನಾಶ. ಸೂರ್ಯನನ್ನು ಸ್ತುತಿಸಿ ಮಯೂರಕವಿ ರೋಗ ಕಳೆದುಕೊಂಡನೆಂದು ಪರಂಪರೆ ಹೇಳುತ್ತದೆ. ಬಳಗದಲ್ಲಿ ಒಬ್ಬರು ನಿವೃತ್ತ ಶಿಕ್ಷಕಿ ಇದ್ದಾರೆ. ಯಜಮಾನರು ಹೋದ ಮೇಲೆ ಅವರಿಗೆ ಬೆಳಗಿನ ಜಾವ ನಾಲ್ಕಕ್ಕೇ ಎಚ್ಚರವಾಗುತ್ತದೆ. ಎದ್ದವರು ಒಂದು ಮುಕ್ತಕ ಹಾಕುತ್ತಾರೆ. ಆಗ ನ್ಯೂಜೆರ್ಸಿಯಲ್ಲಿ ಹಿಂದಿನ ದಿನದ ಸಂಜೆ. ಅಲ್ಲಿರುವ ಸದಸ್ಯನೊಬ್ಬ ಕೆಲಸ ಮುಗಿಸಿ ಮನೆಗೆ ಹೋಗುತ್ತ 'ಕಾಫಿ ಆಯ್ತಾ ಟೀಚರ್?' ಎಂದು ಕೇಳುತ್ತಾನೆ. ಮುಕ್ತಕದ ಗಣ, ಮಾತ್ರೆಯ ಬಗ್ಗೆ ಒಂದು ಮಾತೂ ಇಲ್ಲ. ಇದನ್ನು ವಿಮರ್ಶೆಯ ಯಾವ ಪ್ರಕಾರಕ್ಕೆ ಸೇರಿಸಬೇಕೆಂದು ತಿಳಿಯದ ಕಾರಣ ಈ ಭಾಗವನ್ನು ಇಲ್ಲಿಗೇ ಬಿಡಲಾಗಿದೆ.

ಇಲ್ಲಿ ಪೂರ್ವಪಕ್ಷದವರು ಎದ್ದು ನಿಲ್ಲುತ್ತಾರೆ: ಬರೀ ಹೊಗಳಿದರೆ ಬರವಣಿಗೆ ಬೆಳೆದೀತೇ, ಖಂಡತುಂಡ ವಿಮರ್ಶೆ ಬೇಡವೇ? ಇವರು ಹಂಪೆಯ ಹರಿಹರನ ಪಂಥದವರು. ಸೋದರಳಿಯ ರಾಘವಾಂಕ 'ಹರಿಶ್ಚಂದ್ರ ಕಾವ್ಯ' ಬರೆದಾಗ, ಶಿವಶರಣರನ್ನು ಬಿಟ್ಟು ನರರನ್ನು ಹಾಡಿದನೆಂದು ಹರಿಹರ ಸಿಟ್ಟಾಗಿ ಹೊಡೆದ, ಅಳಿಯನ ಹಲ್ಲು ಉದುರಿದವು, ಆಮೇಲೆ ಶರಣರ ಮೇಲೆ ಕಾವ್ಯ ಬರೆದಂತೆಲ್ಲ ಹಲ್ಲು ಮರಳಿ ಬಂದವು ಎಂದು ಐತಿಹ್ಯ. ವಿಮರ್ಶೆಯಿಂದ ಕೃತಿಗಳ ಸಂಖ್ಯೆ ಹೆಚ್ಚುತ್ತದೆ ಎಂಬುದಕ್ಕೆ ಇದನ್ನು ಪ್ರಮಾಣವಾಗಿ ಒಪ್ಪಬಹುದು. ಆದರೆ ಇಂದಿಗೂ ಜನ ಓದುವುದು, ಗಮಕಿಗಳು ಹಾಡುವುದು ಹಲ್ಲು ಉದುರಿಸಿದ ಕಾವ್ಯವನ್ನೇ. ಮೇಲಾಗಿ ನಮ್ಮ ಸದಸ್ಯರಲ್ಲಿ ಹಲವರ ಹಲ್ಲುಗಳು ಮರಳಿ ಬರುವ ಬಗೆಯವಲ್ಲ.

ಎರಡನೆಯ ಪೂರ್ವಪಕ್ಷ ಇದಕ್ಕಿಂತ ಅಪಾಯಕಾರಿ, ಏಕೆಂದರೆ ಅದು ಮೃದುವಾದದ್ದು. ಉಡುಪಿಯಲ್ಲಿ ಮಕ್ಕಳಿಗೆ ಡ್ರಿಲ್ ಹೇಳಿಕೊಡುತ್ತಿದ್ದ, 1901ರಲ್ಲಿ ಚಿಕ್ಕ ಪ್ರಾಯದಲ್ಲೇ ತೀರಿಕೊಂಡ ನಂದಳಿಕೆಯ ಮುದ್ದಣ ತನ್ನ ಕೃತಿಗಳನ್ನು ಸ್ವಂತದ್ದೆಂದು ಹೇಳಿಕೊಳ್ಳಲೂ ಅಂಜುತ್ತಿದ್ದ. ಅಂಥವನು 'ರಾಮಾಶ್ವಮೇಧ'ದಲ್ಲಿ ತನಗೊಬ್ಬ ಕೇಳುಗಳನ್ನು ಸೃಷ್ಟಿಸಿಕೊಂಡ. ಮನೋರಮೆ ಚಪ್ಪಾಳೆ ಹಾಕುವುದಿಲ್ಲ. ಮಳೆ ಹೊಯ್ಯುವಾಗ ಕಥೆ ಹೇಳು ಎನ್ನುತ್ತಾಳೆ, ಇಂಥ ಕಥೆ ಬೇಡ ಎನ್ನುತ್ತಾಳೆ, ಪದ್ಯ ಬೇಡ ಗದ್ಯದಲ್ಲಿ ಹೇಳು ಎನ್ನುತ್ತಾಳೆ, ಸಂಸ್ಕೃತ ಹೆಚ್ಚಾದರೆ ತಡೆಯುತ್ತಾಳೆ, ನಡುನಡುವೆ ಗಂಡನನ್ನು ಹಾಸ್ಯ ಮಾಡುತ್ತಾಳೆ. ವೇದ ಒಡೆಯನಂತೆ, ಪುರಾಣ ಗೆಳೆಯನಂತೆ, ಕಾವ್ಯ ನಲ್ಲೆಯಂತೆ ಹೇಳುತ್ತದೆ ಎಂಬ ಮಮ್ಮಟನ ಲೆಕ್ಕವನ್ನು ಓದುಗರಿಗೆ ಹೊಂದಿಸಿದರೆ, ಅಡ್ಮಿನ್ ಪ್ರಭುಸಮ್ಮಿತ, ಬಳಗ ಮಿತ್ರಸಮ್ಮಿತ, ಮನೋರಮೆ ಕಾಂತಾಸಮ್ಮಿತ. ಬಳಗದ ನಿಯಮಾವಳಿಯ ಪ್ರಕಾರ ಇವಳು ಒಂದು ದಿನವೂ ಬಾಳುವಂತಿಲ್ಲ.

ಬಾಳುವುದಿಲ್ಲ ಎಂಬುದಕ್ಕೆ ಪ್ರತ್ಯಕ್ಷ ಪ್ರಮಾಣ ಕೊಟ್ಟರೆ ಸಿದ್ಧಾಂತ ಗಟ್ಟಿಯಾಗುತ್ತದೆ. ಒಂದು ಬಳಗದಲ್ಲಿ, ಗುರುವಾರ ತಪ್ಪದೆ ನ್ಯಾನೋ ಕಥೆ ಹಾಕುವ ಹಿರಿಯರೊಬ್ಬರು ಎಂದಿನಂತೆ ಒಂದು ಹಾಕಿದರು: ಮುದುಕಿ ಮಗನ ಮನೆಯಿಂದ ಹೊರಟು, ಊರಿನ ಬಸ್ಸು ಹತ್ತಿ, ಕತ್ತಲಲ್ಲಿ ಇಳಿಯುತ್ತಾಳೆ. ಮುಗಿಯಿತು. ಚಪ್ಪಾಳೆಗಳು ಬಿದ್ದವು. ವರ್ಷಗಟ್ಟಲೆ ತುಟಿ ಪಿಟಕ್ಕೆನ್ನದ ಸದಸ್ಯೆಯೊಬ್ಬರು ಕೆಳಗೆ ಬರೆದರು: 'ಸರ್, ಆ ಅಜ್ಜಿ ಆಮೇಲೆ ಮನೆ ಸೇರಿದ್ಲಾ?'

ಬಳಗ ಸ್ತಬ್ಧವಾಯಿತು. ಶುಭರಾತ್ರಿಯ ಚಂದ್ರನೂ ಬರಲಿಲ್ಲ. ಬಹಳ ಹೊತ್ತಿನ ಮೇಲೆ ಹಿರಿಯರು 'ಗೊತ್ತಿಲ್ಲಮ್ಮ. ಅಷ್ಟು ದೂರ ಯೋಚನೆ ಮಾಡಿರಲಿಲ್ಲ' ಎಂದರು. ಮುಂದಿನ ಗುರುವಾರ ಅವರಿಂದ ಏನೂ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಆರೋಗ್ಯ ವಿಚಾರಿಸಿ ಹಲವರು ಬರೆದರು. ಕೊನೆಗೊಂದು ದಿನ, ಗುರುವಾರವೂ ಅಲ್ಲದ ದಿನ, ಹದಿನಾರು ಪುಟದ ಪಿಡಿಎಫ್ ಬಂತು. ಅಜ್ಜಿ ಮನೆಯ ಜಗಲಿಯವರೆಗೆ ಬಂದು ನಿಂತಿದ್ದಳು. ಆರನೆಯ ಸೆಕೆಂಡಿಗೆ 'ತುಂಬಾ ಚೆನ್ನಾಗಿ ಮೂಡಿಬಂದಿದೆ ಸರ್' ಎಂದು ಮೂವರು ಬರೆದರು. ಆ ಸದಸ್ಯೆಯ ಸಂದೇಶ ಬಂದದ್ದು ಮರುದಿನ ಮಧ್ಯಾಹ್ನ: 'ಬೀಗದ ಕೈ ಅವಳ ಹತ್ರ ಇತ್ತಾ, ಸೊಸೆ ಇಸ್ಕೊಂಡಿದ್ಲಾ?'

ಅಡ್ಮಿನ್ ಮಧ್ಯಪ್ರವೇಶಿಸಬೇಕಾಯಿತು. 'ಆತ್ಮೀಯರೇ, ಪ್ರಶ್ನೋತ್ತರಗಳನ್ನು ದಯವಿಟ್ಟು ವೈಯಕ್ತಿಕವಾಗಿ ಮಾಡಿಕೊಳ್ಳಿ. ಇಂದಿನ ದತ್ತಪದ: ಬೀಗದ ಕೈ. ಹದಿನಾರು ಸಾಲು ಮೀರದಿರಲಿ. ಭಾಗವಹಿಸಿದ ಎಲ್ಲರಿಗೂ ಪ್ರಮಾಣಪತ್ರವಿದೆ.'