ಇನ್ನೊಂದೆರಡು ಸಾವಿರ ಹಾಕಿದ್ರೆ...

ಜೇಬಿನಲ್ಲೊಂದು ಬಜೆಟ್ ಇಟ್ಟುಕೊಂಡು ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದವನಿಗೆ ಯಾವ ಅಂಗಡಿಯಾತನೂ ‘ಇಲ್ಲ’ ಅನ್ನುವುದಿಲ್ಲ. ‘ಇದೆ ಸಾರ್, ಆದ್ರೆ ಇನ್ನೊಂದೆರಡು ಸಾವಿರ ಹಾಕಿದ್ರೆ...’ ಎಂದು ರಾಗ ಎಳೆಯುತ್ತಾನೆ. ಮಾತು ಅಲ್ಲಿಗೇ ನಿಲ್ಲುತ್ತದೆ. ಉಳಿದರ್ಧವನ್ನು ಗಿರಾಕಿಯ ಆಸೆಯೇ ಪೂರ್ತಿ ಮಾಡಿಕೊಳ್ಳುತ್ತದೆ.

ಅಂಗಡಿಯಾತನನ್ನು ಬೈದು ಫಲವಿಲ್ಲ, ಈ ಮೆಟ್ಟಿಲು ಕಟ್ಟಿದವರು ಅಮೆರಿಕದಲ್ಲಿದ್ದಾರೆ. 2023ರಲ್ಲಿ ಎನ್ವಿಡಿಯಾ ಬಿಟ್ಟ ಕಾರ್ಡುಗಳ ಬೆಲೆ ನೋಡಿ: ಆರ್‌ಟಿಎಕ್ಸ್ 4060ಕ್ಕೆ 299 ಡಾಲರ್, 4060 ಟಿಐಗೆ 399, ಅದೇ ಟಿಐನಲ್ಲಿ ಮೆಮೊರಿ 8 ಜಿಬಿ ಬದಲು 16 ಜಿಬಿ ಬೇಕೆಂದರೆ 499, ಅಷ್ಟು ಕೊಡುವವನು ಇನ್ನೊಂದು ನೂರು ಸೇರಿಸಿದರೆ 4070. ಮಂಡಿನೋವಿನವರೂ ಸಲೀಸಾಗಿ ಹತ್ತಬಹುದು. ಒಂದೊಂದು ಹೆಜ್ಜೆಯೂ ಜಾಣತನದ್ದೇ. ಮೇಲೆ ನಿಂತು ತಿರುಗಿ ನೋಡಿದರೆ ಮಾತ್ರ ಖರ್ಚು ದುಪ್ಪಟ್ಟಾಗಿರುತ್ತದೆ. ಅಲ್ಲಿಂದ ಮುಂದೆ 4070 ಟಿಐ, 799 ಡಾಲರ್. ಈ ಮೆಟ್ಟಿಲು ಇನ್ನೂರು ಡಾಲರ್ ಎತ್ತರ, ಆದರೆ ಅಷ್ಟರಲ್ಲಿ ಹತ್ತುವವನು ಕೆಳಗೆ ನೋಡುವ ಅಭ್ಯಾಸವನ್ನೇ ಬಿಟ್ಟಿರುತ್ತಾನೆ.

ಹೆಸರು ನೋಡಿ ಕೊಳ್ಳೋಣವೆಂದರೆ, ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ. 2016ರ ಜಿಟಿಎಕ್ಸ್ 1060 ಎರಡು ಬಗೆಯಲ್ಲಿ ಬಂತು, 6 ಜಿಬಿ ಮತ್ತು 3 ಜಿಬಿ. ವ್ಯತ್ಯಾಸ ಮೆಮೊರಿಯದ್ದಷ್ಟೇ ಎಂದು ಜನ ನಂಬಿದರು. ಅಗ್ಗದ್ದರಲ್ಲಿ ಲೆಕ್ಕ ಮಾಡುವ ಕೋರ್‌ಗಳನ್ನೂ 1280ರಿಂದ 1152ಕ್ಕೆ ಇಳಿಸಿದ್ದರು. ಜಿಟಿ 1030ರದ್ದು ಇನ್ನೂ ಚೋದ್ಯ. 2017ರಲ್ಲಿ ಬಂದಾಗ ಅದರ ಮೆಮೊರಿ ಸೆಕೆಂಡಿಗೆ 48 ಜಿಬಿ ಸಾಗಿಸುತ್ತಿತ್ತು. ಮರುವರ್ಷ ಅದೇ ಹೆಸರಲ್ಲಿ ಡಿಡಿಆರ್4 ಮೆಮೊರಿಯ ಕಾರ್ಡು ಬಂತು, ಸಾಗಣೆ 16.8 ಜಿಬಿ. ಮೂರನೇ ಒಂದು ಭಾಗ ಚಿಲ್ಲರೆ! ಡಬ್ಬಿಯ ಮೇಲಿನ ಸಣ್ಣಕ್ಷರ ಓದದವನಿಗೆ ಎರಡೂ ಒಂದೇ.

ಕೆಲವೊಮ್ಮೆ ಹೆಸರಿಟ್ಟವರಿಗೇ ನಾಚಿಕೆಯಾಗುವುದುಂಟು. 2022ರ ಸೆಪ್ಟೆಂಬರಿನಲ್ಲಿ 12 ಜಿಬಿಯ ಆರ್‌ಟಿಎಕ್ಸ್ 4080 ಘೋಷಣೆಯಾಯಿತು, 899 ಡಾಲರಿಗೆ. 16 ಜಿಬಿಯ ಇನ್ನೊಂದು 4080ರಲ್ಲಿ ಇದ್ದ ಚಿಪ್ಪೇ ಬೇರೆ. ಜನ ಉಗಿದ ರಭಸಕ್ಕೆ ತಿಂಗಳೊಳಗೆ ಕಂಪನಿ ಅದನ್ನು ಹಿಂದಕ್ಕೆ ಪಡೆಯಿತು. ಜನವರಿಯಲ್ಲಿ ಆ ಸರಕೇ 4070 ಟಿಐ ಎಂಬ ಹೊಸ ಹೆಸರಿನಲ್ಲಿ ನೂರು ಡಾಲರ್ ಕಡಿಮೆಗೆ ಬಂತು. ಅದಕ್ಕೂ ಮೊದಲು, 2014ರ ಜಿಟಿಎಕ್ಸ್ 970ರ 4 ಜಿಬಿಯಲ್ಲಿ ಕೊನೆಯ ಅರ್ಧ ಜಿಬಿ ಆಮೆಗತಿಯದೆಂದು ಬಯಲಾದಾಗ ಮೊಕದ್ದಮೆಯೇ ನಡೆಯಿತು. ಅಮೆರಿಕದ ಗಿರಾಕಿಗಳಿಗೆ ಕಾರ್ಡಿಗೆ 30 ಡಾಲರಿನಂತೆ ಪರಿಹಾರ ಸಿಕ್ಕಿತು. ಇಲ್ಲಿನವರಿಗೆ ಜ್ಞಾನೋದಯವಷ್ಟೇ ಸಿಕ್ಕಿತು.

ಹಾಗಾದರೆ ಅಗ್ಗದ್ದನ್ನೇ ತರೋಣವೆಂದರೆ, ಬಡವರ ಕಾರ್ಡಿಗೆ ಶ್ರೀಮಂತರ ಮನೆ ಬೇಕು. 2022ರ ಜನವರಿಯಲ್ಲಿ ಎಎಂಡಿ 199 ಡಾಲರಿಗೆ ಆರ್‌ಎಕ್ಸ್ 6500 ಎಕ್ಸ್‌ಟಿ ತಂದಿತು. ಮದರ್‌ಬೋರ್ಡಿನೊಂದಿಗೆ ಮಾತಾಡಲು ಅದಕ್ಕೆ ಕೊಟ್ಟದ್ದು ನಾಲ್ಕೇ ಲೇನು. ಹೊಸ ಪಿಸಿಐಇ 4.0 ಬೋರ್ಡಿನಲ್ಲಿ ಹೇಗೋ ನಡೆಯುತ್ತದೆ. ಹಳೆಯ 3.0 ಬೋರ್ಡಿನಲ್ಲಿ ಆ ದಾರಿಯೂ ಅರ್ಧಕ್ಕಿಳಿದು, 4 ಜಿಬಿ ಮೆಮೊರಿ ತುಂಬಿದ ಕೂಡಲೇ ಆಟ ಮುಗ್ಗರಿಸುತ್ತದೆ. ಅಗ್ಗದ ಕಾರ್ಡು ಹುಡುಕುವವನ ಮನೆಯಲ್ಲಿ ಹಳೆಯ ಬೋರ್ಡಲ್ಲದೆ ಇನ್ನೇನಿರುತ್ತದೆ? 2024ರ ಡಿಸೆಂಬರಿನಲ್ಲಿ ಬಂದ ಇಂಟೆಲ್ ಆರ್ಕ್ ಬಿ580ಗೂ ಇದೇ ಬಿಂಕ. 249 ಡಾಲರಿಗೆ 12 ಜಿಬಿ ಕೊಟ್ಟದ್ದಕ್ಕೆ ವಿಮರ್ಶಕರು ಮನಸಾರೆ ಹೊಗಳಿದರು, ಹೊಗಳಿಕೆಗೆ ಅದು ಅರ್ಹವೂ ಹೌದು. ಆದರೆ ಬೋರ್ಡಿನಲ್ಲಿ ರೀಸೈಜಬಲ್ ಬಾರ್ ಎಂಬ ಸೌಲಭ್ಯವಿರಬೇಕು, ಪ್ರೊಸೆಸರ್ ಕೂಡ ಚುರುಕಾಗಿರಬೇಕು. ಇಲ್ಲದಿದ್ದರೆ ಹೊಗಳಿಕೆಯ ಗಣನೀಯ ಭಾಗ ವಿಮರ್ಶಕರ ಮನೆಯಲ್ಲೇ ಉಳಿಯುತ್ತದೆ.

ಇಷ್ಟಾಗಿ ಮಾನಿಟರನ್ನು ಯಾರೂ ಕೇಳುವುದಿಲ್ಲ. 60 ಹರ್ಟ್ಸಿನ ಪರದೆ ಸೆಕೆಂಡಿಗೆ 60 ಸಲವಷ್ಟೇ ಹೊಸ ಚಿತ್ರ ತೋರಿಸುತ್ತದೆ. ಕಾರ್ಡು ನೂರೈವತ್ತು ಬರೆದುಕೊಟ್ಟರೂ ಅದು ತನ್ನ ಅರವತ್ತನ್ನು ಬಿಡುವುದಿಲ್ಲ. ಮೂಗಿಗಿಂತ ಮೂಗುತಿ ಭಾರವೆನ್ನುವುದು ಇದಕ್ಕೇ. ಕರೆಂಟು ಕೊಡುವ ಎಸ್‌ಎಂಪಿಎಸ್ ಕಥೆಯಂತೂ ಬೇಡ. ಆರ್‌ಎಕ್ಸ್ 6600 ಕೇಳುವುದು 132 ವಾಟ್, ಆರ್‌ಟಿಎಕ್ಸ್ 4090 ಕೇಳುವುದು 450. ಕ್ಯಾಬಿನೆಟ್ಟಿನ ಜತೆ ಬಂದ ಅನಾಮಧೇಯ ಎಸ್‌ಎಂಪಿಎಸ್‌ಗೆ ಎರಡನೆಯದರ ಹೆಸರು ಕೇಳಿದರೇ ಜ್ವರ.

ಸೆಕೆಂಡ್‌ಹ್ಯಾಂಡ್ ಸಂತೆಯಲ್ಲಿ ನಿಜವಾದ ಲಾಭವಿದೆ, ಎದೆಗಾರಿಕೆ ಇರುವವನಿಗೆ. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಕ್ರಿಪ್ಟೊ ನಾಣ್ಯ ತನ್ನ ವ್ಯವಸ್ಥೆ ಬದಲಿಸಿಕೊಂಡಿತು. ಕಾರ್ಡುಗಳನ್ನು ಸಾಲಾಗಿ ಜೋಡಿಸಿ ಅದರಲ್ಲಿ ದುಡ್ಡು ದುಡಿಯುತ್ತಿದ್ದವರ ಕಸುಬು ಒಂದೇ ದಿನದಲ್ಲಿ ನಿಂತಿತು. ಹಗಲೂ ರಾತ್ರಿ ಬೆವರಿದ ಕಾರ್ಡುಗಳು ಧೂಳು ಕೊಡವಿಕೊಂಡು ಮಾರುಕಟ್ಟೆಗೆ ಬಂದವು. ಮಾರುವವರೆಲ್ಲ ಹೇಳುವುದು ಒಂದೇ ಮಾತು, ‘ಲೈಟ್ ಯೂಸ್ ಬ್ರೋ’. ಹಳೆಯ ಕಾರ್ಡಿನ ಬಯಾಸ್ ತಿದ್ದಿ ಹೊಸ ಹೆಸರಿನಲ್ಲಿ ಮಾರುವ ಕಲಾವಿದರೂ ಇದ್ದಾರೆ. ಜಿಪಿಯು-ಝಡ್ ಎಂಬ ಪುಕ್ಕಟೆ ತಂತ್ರಾಂಶ ಅಂಥ ಎಷ್ಟೋ ಕಾರ್ಡುಗಳನ್ನು ಗುರುತಿಸಿ ‘ಫೇಕ್’ ಎಂದು ಮುಲಾಜಿಲ್ಲದೆ ಬರೆದು ತೋರಿಸುತ್ತದೆ. ಹೊಸದು ಕೊಳ್ಳುವವನಿಗೂ ‘ಬಿಲ್ ಬೇಕಾ ಸಾರ್?’ ಎಂಬ ಪ್ರಶ್ನೆ ಕಾದಿರುತ್ತದೆ. ಬೇಡವೆಂದರೆ ಶೇ 18ರ ಜಿಎಸ್‌ಟಿ ಉಳಿಯುತ್ತದೆ, ವಾರಂಟಿ ಉಳಿಯುವುದು ಅನುಮಾನ.

ಎಂಜಿನಿಯರಿಂಗ್ ಓದುವ ಮಗ ಅಪ್ಪನನ್ನು ಒಪ್ಪಿಸುವ ಬಗೆ ಈಗ ಬದಲಾಗಿದೆ. ಆಟದ ಸುದ್ದಿಯೇ ಇಲ್ಲ. ‘ಎಐ ಪ್ರಾಜೆಕ್ಟಿಗೆ ಕೂಡಾ ಬೇಕಪ್ಪಾ’ ಅನ್ನುತ್ತಾನೆ. ಕೂಡಾ ಎಂಬುದು 2007ರಿಂದ ಎನ್ವಿಡಿಯಾ ಕಾರ್ಡುಗಳ ಜತೆ ಬರುವ ಲೆಕ್ಕಾಚಾರದ ವ್ಯವಸ್ಥೆ. ಎಐ ತಂತ್ರಾಂಶ ಹೆಚ್ಚಾಗಿ ಅದನ್ನೇ ನೆಚ್ಚಿಕೊಂಡಿರುವುದು ನಿಜ, ಆದ್ದರಿಂದ ಹುಡುಗನನ್ನು ಸುಳ್ಳುಗಾರ ಅನ್ನಲಾಗದು. ಅವನು ದಿನವೂ ಆಡುವ ವ್ಯಾಲರಂಟ್ ಮಾತ್ರ 2021ರಲ್ಲಿ ಬಂದ ರೈಝೆನ್ 5 5600ಜಿ ಪ್ರೊಸೆಸರಿನ ಒಳಗಿನ ಗ್ರಾಫಿಕ್ಸಿನಲ್ಲೇ, ಯಾವ ಕಾರ್ಡೂ ಇಲ್ಲದೆ, ಸಲೀಸಾಗಿ ಓಡುತ್ತದೆ. ಈ ಮಾಹಿತಿಯನ್ನು ಮಗ ಹೇಳುವುದಿಲ್ಲ, ಅಂಗಡಿಯಾತನಿಗೆ ಹೇಳಿ ಲಾಭವಿಲ್ಲ. ಅಪ್ಪ ಕೇಳುವುದು ಒಂದೇ, ‘ಇದ್ರಲ್ಲಿ ಟ್ಯಾಲಿ ಓಡುತ್ತಾ?’ ಓಡುತ್ತದೆ, ಭರ್ಜರಿಯಾಗಿ ಓಡುತ್ತದೆ ಎಂದು ಇಬ್ಬರೂ ಒಂದೇ ದನಿಯಲ್ಲಿ ಭರವಸೆ ಕೊಡುತ್ತಾರೆ.