ಪ್ರಚಾರಚಿತ್ರ ವಿರಹ ಮೀಮಾಂಸೆ

ವಿಪ್ರಲಂಭ ಶೃಂಗಾರಕ್ಕೆ ಪೂರ್ವರಾಗ, ಮಾನ, ಪ್ರವಾಸ, ಕರುಣ ಎಂದು ನಾಲ್ಕು ಬಗೆ ಹೇಳಿ ನಮ್ಮ ಆಲಂಕಾರಿಕರು ಕೈತೊಳೆದುಕೊಂಡರು. ಐದನೆಯದು ಅವರ ಕಣ್ಣಿಗೆ ಬೀಳಲಿಲ್ಲ, ಏಕೆಂದರೆ ಆಗ ಟಾಕೀಸು ಇರಲಿಲ್ಲ. ಸರ್ಕಾರಿ ಸಾಕ್ಷ್ಯಚಿತ್ರದಲ್ಲಿದ್ದ ತನ್ನೂರನ್ನು ನೆನೆದು ತನ್ನೂರಿನಲ್ಲೇ ಕೂತು ಕೊರಗುವ ಈ ಅವಸ್ಥೆಯನ್ನು ಶರಾವತಿ ಸೀಮೆಯ ನಿದರ್ಶನದಿಂದ ಇಲ್ಲಿ ಸಾಧಿಸಲಾಗಿದೆ.

1948ರಲ್ಲಿ ಫಿಲ್ಮ್ಸ್ ಡಿವಿಷನ್ ಹುಟ್ಟಿದ ಮೇಲೆ, ಸಿನಿಮಾಕ್ಕೆ ಮೊದಲು ಸರ್ಕಾರ ಒಪ್ಪಿದ ಕಿರುಚಿತ್ರ ತೋರಿಸುವುದು ಟಾಕೀಸಿನವರಿಗೆ ಕಡ್ಡಾಯವಾಯಿತು, ಬಾಡಿಗೆಯೂ ಅವರದೇ. ನೋಡುವುದು ಕಡ್ಡಾಯವಿರಲಿಲ್ಲವಾಗಿ ಪ್ರೇಕ್ಷಕರು ಹೊರಗೆ ಬೀಡಿ ಸೇದುತ್ತಿದ್ದರು. ಇಲ್ಲಿ ಪೂರ್ವಪಕ್ಷಿ ಎದ್ದು, ನೋಡದ ಚಿತ್ರಕ್ಕೆ ಹಂಬಲ ಹೇಗೆ ಎನ್ನುತ್ತಾನೆ. ಹೊರಗೆ ನಿಂತವರಿಗೂ ಹಿನ್ನೆಲೆ ಧ್ವನಿ ಕೇಳುತ್ತಿತ್ತು. ವಿರಹಕ್ಕೆ ಅಷ್ಟು ಸಾಕು.

ಇನ್ನು ಲಕ್ಷಣ. ಚಿತ್ರದಲ್ಲಿ ಜೋಗಕ್ಕೆ ವರ್ಷವಿಡೀ ಆಗಸ್ಟ್ ತಿಂಗಳು. ರಾಜ, ರಾಣಿ, ರೋರರ್, ರಾಕೆಟ್ ನಾಲ್ವರೂ 830 ಅಡಿಯಿಂದ ಧುಮುಕುತ್ತಲೇ ಇರುತ್ತಾರೆ, ಯಾರೂ ರಜೆ ಹಾಕುವುದಿಲ್ಲ. ಅಡಿಕೆ ಕೊನೆ ತೆಗೆಯುವವನು ಮರದಿಂದ ಜಾರಿ ಇಳಿದವನೇ ಕ್ಯಾಮೆರಾ ಕಡೆ ನೋಡಿ ನಗುತ್ತಾನೆ. ಯಕ್ಷಗಾನದ ವೇಷ ನಡುಹಗಲಲ್ಲಿ ಬಂಡೆಯ ಮೇಲೆ ಕುಣಿಯುತ್ತದೆ, ನೋಡಲು ಒಂದು ನರಪಿಳ್ಳೆಯೂ ಇಲ್ಲ. ಭದ್ರಾವತಿಯ ಚಿಮಣಿ ಹೊಗೆಗೂ ಆಗುಂಬೆಯ ಮಂಜಿಗೂ ಒಂದೇ ಭಕ್ತಿಯ ವರ್ಣನೆ. ಉಂಬಳ ಮಾತ್ರ ಎಲ್ಲೂ ಕಾಣುವುದಿಲ್ಲ. ಚಿತ್ರ ತೆಗೆದವರು ಜೀಪಿನಿಂದ ಇಳಿದೇ ಇರಲಿಲ್ಲವೆಂಬ ಅನುಮಾನಪ್ರಮಾಣಕ್ಕೆ ಇದಕ್ಕಿಂತ ಹೇತು ಬೇಕೆ?

ಪ್ರತ್ಯಕ್ಷಕ್ಕೂ ಶಬ್ದಕ್ಕೂ ವಿರೋಧ ಬಂದರೆ ಯಾವುದು ಬಲ? ಏಪ್ರಿಲ್‌ನಲ್ಲಿ ಜೋಗಕ್ಕೆ ಹೋದವನಿಗೆ ಕಾಣುವುದು ಬೋಳು ಬಂಡೆ. ನೀರೆಲ್ಲ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಕೂತಿರುತ್ತದೆ. ಆದರೂ ಆತ ಮನೆಗೆ ಬಂದು ನೆಂಟರ ಮುಂದೆ ಬಣ್ಣಿಸುವುದು ಚಿತ್ರದ ಜೋಗವನ್ನೇ. ಆದಕಾರಣ ಹಿನ್ನೆಲೆ ಧ್ವನಿಯೇ ಬಲವತ್ತರ.

ತೊಡಕಿರುವುದು ಅಣೆಕಟ್ಟಿನ ಪ್ರಕರಣದಲ್ಲಿ. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿದು ನೀರು ನಿಂತಾಗ ಊರುಗಳ ಜೊತೆಗೆ, ಅದೇ ನದಿಗೆ ಹಿಂದೆ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತು. ಅಭಿವೃದ್ಧಿಯನ್ನು ಅಭಿವೃದ್ಧಿಯೇ ನುಂಗಿದ ಈ ಪ್ರಸಂಗಕ್ಕೆ ಧ್ವನಿಯ ಬಳಿ ವಿಶೇಷಣ ಉಳಿದಿರಲಿಲ್ಲ (ಇದ್ದವೆಲ್ಲ ಜಲಪಾತಕ್ಕೆ ಖರ್ಚಾಗಿದ್ದವು). ನೀರು ತೀರಾ ಇಳಿದ ಬೇಸಿಗೆಯಲ್ಲಿ ಹಳೇ ಕಟ್ಟೆ ಸೈಫನ್‌ಗಳ ಸಮೇತ ಮೇಲೇಳುತ್ತದೆ, ಜನ ಹೋಗಿ ಫೋಟೋ ತೆಗೆಸಿಕೊಳ್ಳುತ್ತಾರೆ. ಮುಳುಗಡೆಯಿಂದ ಎದ್ದುಹೋದ ಎಷ್ಟೋ ಕುಟುಂಬಗಳು ಅರವತ್ತು ವರ್ಷ ಕಳೆದರೂ ಜಮೀನಿನ ಹಕ್ಕುಪತ್ರಕ್ಕೆ ಕಚೇರಿ ಅಲೆಯುತ್ತಿವೆ. ಅವರಿಗೂ ಈ ವಿರಹ ಉಂಟೆ? ಉಂಟು. ಗೇಟು ತೆರೆದು ನೀರು ನೊರೆಗಟ್ಟುವ ದೃಶ್ಯಕ್ಕೆ ಮೊಮ್ಮಗ ಚಪ್ಪಾಳೆ ತಟ್ಟಿದರೆ, ಅಜ್ಜ ಅದರ ಹಿಂದಿನ ಗುಡ್ಡ ನೋಡುತ್ತಾನೆ. “ಅದರ ಬುಡದಲ್ಲೇ ನಮ್ಮನೆ ಇತ್ತು ಮಾರಾಯ.” ಶಬ್ದ ಸೋತು ಪ್ರತ್ಯಕ್ಷ ಗೆಲ್ಲುವ ಈ ಅಪವಾದವನ್ನು ಶಾಸ್ತ್ರದಲ್ಲಿ ಎಲ್ಲಿ ಇಡಬೇಕೆಂದು ಪಂಡಿತರು ಇನ್ನೂ ತೀರ್ಮಾನಿಸಿಲ್ಲ.

ಭಾವೀ ಸಂಶೋಧಕರಿಗೊಂದು ಸೂಚನೆ. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ತೆರೆಯಿತು. ಹಿನ್ನೀರು ದಾಟಲು ಹೊಳೆಬಾಗಿಲಲ್ಲಿ ಲಾಂಚ್ ಕಾಯುತ್ತ ಸರ್ಕಾರಕ್ಕೆ ಹಿಡಿಶಾಪ ಹಾಕಿದವರೇ ಈಗ ಲಾಂಚಿನ ಹಳೇ ವಿಡಿಯೋ ಹಾಕಿಕೊಂಡು ಕಣ್ಣೊರೆಸಿಕೊಳ್ಳತೊಡಗಿದ್ದಾರೆ. ಎಲ್ಲೆಲ್ಲಿ ಸೇತುವೆಯೋ ಅಲ್ಲಲ್ಲಿ ಲಾಂಚಿನ ವಿರಹ ಎಂದು ವ್ಯಾಪ್ತಿ ಸಿದ್ಧ. ಹಿನ್ನೆಲೆ ಧ್ವನಿಯೊಂದು ಬಾಕಿಯಿದೆ. ಜಲಪಾತದ ವಿಶೇಷಣಗಳು ಏಪ್ರಿಲ್‌ನಲ್ಲಿ ಹೇಗೂ ಖಾಲಿ ಇರುತ್ತವೆ, ಅವನ್ನೇ ತಂದುಕೊಳ್ಳಬಹುದು.