ಶುಲ್ಕೋಪಾಯ ಮೀಮಾಂಸೆ

ಪದವಿ ಓದಲು ಹಣ ಎಲ್ಲಿಂದ ತರುವುದು ಎಂಬ ಪ್ರಶ್ನೆ ಕನ್ನಡ ನಾಡಿನಲ್ಲಿ 1916ರಲ್ಲಿ, ಅಂದರೆ ಮೈಸೂರು ವಿಶ್ವವಿದ್ಯಾನಿಲಯದ ಜೊತೆಜೊತೆಗೇ ಹುಟ್ಟಿತೆಂದು ಪ್ರಸ್ತುತ ಸಂಶೋಧಕನ ಮತ. ಪದವಿಗಾಗಿ ಪುಣೆ, ಮುಂಬಯಿಯ ಗಾಡಿ ಹತ್ತಬೇಕಾಗಿದ್ದ ತಮ್ಮವರು ಅದಕ್ಕೂ ಮೊದಲೇ ಈ ಪ್ರಶ್ನೆ ಎತ್ತಿದ್ದರೆಂದು ಧಾರವಾಡದ ಕಡೆಯ ಪಂಡಿತರು ವಾದಿಸುತ್ತಾರೆ. ಅವರ ವಾದದಲ್ಲಿ ಹುರುಳಿದೆ, ದುಡ್ಡಿಲ್ಲ.

ಆದಿಯುಗದ ಉಪಾಯವೆಂದರೆ ವಾರಾನ್ನ. ಸೋಮವಾರ ವಕೀಲರ ಮನೆ, ಮಂಗಳವಾರ ಶಿರಸ್ತೇದಾರರ ಮನೆ, ಏಕಾದಶಿ ಬಂದರೆ ಎರಡೂ ಇಲ್ಲ. ಈ ಪದ್ಧತಿಯಲ್ಲಿ ಅರ್ಜಿ ನಮೂನೆ ಇರಲಿಲ್ಲ. ಆದಾಯ ಪ್ರಮಾಣಪತ್ರದ ಜಾಗದಲ್ಲಿ ಹುಡುಗನ ಪಕ್ಕೆಲುಬು ನಡೆಯುತ್ತಿತ್ತು. ಎಲ್ಲ ಜಾತಿಯ ಹುಡುಗರಿಗೂ ವಾರ ಸಿಗುತ್ತಿರಲಿಲ್ಲ, ಕೆಲವರಿಗೆ ಹೊಸ್ತಿಲೇ ಸಿಗುತ್ತಿರಲಿಲ್ಲ ಎಂಬುದನ್ನು ಮಾತ್ರ ವಾರಾನ್ನವನ್ನು ನೆನೆದು ಕಣ್ಣೊರೆಸಿಕೊಳ್ಳುವ ಹಿರಿಯರು ಸಾಮಾನ್ಯವಾಗಿ ಅಡಿಟಿಪ್ಪಣಿಗೂ ಸೇರಿಸುವುದಿಲ್ಲ. ಈ ಕೊರತೆಯನ್ನು ಸಮುದಾಯಕ್ಕೊಂದರಂತೆ ಎದ್ದ ಉಚಿತ ವಿದ್ಯಾರ್ಥಿನಿಲಯಗಳು ಕೊಂಚ ತುಂಬಿದವು. 1906ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಸಮಾಜದ ಮಕ್ಕಳ ಓದಿಗೆಂದು ಸಂಸ್ಥಾನದ ಆಸ್ತಿಯನ್ನೇ ಬರೆದಿಟ್ಟರು. ಅಂಥ ದಾತೃಗಳ ತಳಿ ಆಮೇಲೆ ಏಕೆ ಕ್ಷೀಣಿಸಿತೆಂಬುದು ಜೀವಶಾಸ್ತ್ರ ವಿಭಾಗಕ್ಕೆ ಸೇರಿದ ವಿಷಯ.

ಮಧ್ಯಯುಗದಲ್ಲಿ ದಾನದ ಪ್ರವಾಹ ದಿಕ್ಕು ಬದಲಿಸಿತು: ಸಂಸ್ಥೆ ವಿದ್ಯಾರ್ಥಿಗೆ ಕೊಡುವುದು ಹೋಗಿ ವಿದ್ಯಾರ್ಥಿ ಸಂಸ್ಥೆಗೆ ಕೊಡುವುದು ಬಂತು. ಕರ್ನಾಟಕ ಸರ್ಕಾರ 1984ರಲ್ಲಿ ಕ್ಯಾಪಿಟೇಶನ್ ಶುಲ್ಕವನ್ನು ಕಾಯಿದೆ ಮಾಡಿ ನಿಷೇಧಿಸಿತು. ಶುಲ್ಕ ಕಾಯಿದೆಗೆ ತಲೆಬಾಗಿ, ಹೆಸರು ಬದಲಿಸಿಕೊಂಡು ಬದುಕಿತು. 1992ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ಪ್ರಕರಣವೊಂದರಿಂದ ಆಗಿನ ದರಪಟ್ಟಿ ನಮಗೆ ದಕ್ಕಿದೆ. ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರ್ಕಾರಿ ಸೀಟಿನವನಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಕನ್ನಡಿಗನಿಗೆ 25,000, ಹೊರರಾಜ್ಯದವನಿಗೆ 60,000. ಮೂವರೂ ಕೊಯ್ಯುತ್ತಿದ್ದುದು ಒಂದೇ ಹೆಣ.

ಆಧುನಿಕ ಯುಗದ ಸೂತ್ರ ಇದು: ಇಲ್ಲದ್ದನ್ನು ಇದೆಯೆಂದು ತೋರಿಸುವುದು ವ್ಯಾಪಾರ, ಇಲ್ಲದ್ದನ್ನು ಇಲ್ಲವೆಂದೇ ತೋರಿಸುವುದು ವಿದ್ಯಾರ್ಥಿವೇತನ. ಎರಡನೆಯದೇ ಕಷ್ಟ. ನಾಡಕಚೇರಿಯಲ್ಲಿ ಜಾತಿ-ಆದಾಯ ಪ್ರಮಾಣಪತ್ರ ಮಾಡಿಸಿ, ಅದರ ಆರ್‌ಡಿ ನಂಬರನ್ನು ಮಂತ್ರದಂತೆ ಜಪಿಸುತ್ತ ಸೈಬರ್ ಸೆಂಟರಿಗೆ ನಡೆಯಬೇಕು. ಅಲ್ಲಿ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್ ತೆರೆದರೆ ತತ್ತ್ವಶಾಸ್ತ್ರದ ಹಳೆಯ ಸಮಸ್ಯೆಯೊಂದು ಎದುರು ನಿಲ್ಲುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ‘ಮಂಜುನಾಥ ಕೆ.’ ಮತ್ತು ಆಧಾರ್‌ನಲ್ಲಿರುವ ‘ಕೆ. ಮಂಜುನಾಥ’ ಒಬ್ಬನೇ ಎಂದು ಶಂಕರಾಚಾರ್ಯರು ಒಪ್ಪಿಯಾರು, ಪೋರ್ಟಲ್ ಒಪ್ಪದು. ಅದು ಕಟ್ಟಾ ದ್ವೈತಿ. ಇದನ್ನೆಲ್ಲ ಗೆದ್ದು, ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಹುಡುಗನಿಗೆ ಊಟ-ವಸತಿಗೆಂದು ‘ವಿದ್ಯಾಸಿರಿ’ ಮಂಜೂರಾಯಿತೆನ್ನಿ: ತಿಂಗಳಿಗೆ ಇಷ್ಟೆಂದು, ಹತ್ತು ತಿಂಗಳು. ಉಳಿದೆರಡು ತಿಂಗಳು ಹಸಿವೂ ರಜೆಯ ಮೇಲೆ ಊರಿಗೆ ಹೋಗಿರುತ್ತದೆಂಬುದು ಇಲ್ಲಿಯ ಗ್ರಹಿಕೆ.

‘ದುಡಿಯುತ್ತಲೇ ಓದಬಾರದೇ?’ ಎಂಬುದು ಪೂರ್ವಪಕ್ಷ. ಶೇ 75 ಹಾಜರಾತಿ ಎಂದೊಡನೆ ಅದು ಬಿದ್ದುಹೋಗುತ್ತದೆ.

ಇನ್ನು ಶಿಕ್ಷಣ ಸಾಲ. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ 4 ಲಕ್ಷದವರೆಗೆ ತಂದೆತಾಯಿಯ ಸಹಿ ಸಾಕು, 7.5 ಲಕ್ಷ ದಾಟಿದರೆ ಆಸ್ತಿ ತೋರಿಸಬೇಕು. ಇಲ್ಲಿಯೇ ಈ ಶಾಸ್ತ್ರದ ಪರಮ ವಿರೋಧಾಭಾಸವಿರುವುದು. ಬೆಳಿಗ್ಗೆ ನಾಡಕಚೇರಿಯಲ್ಲಿ ಏನೂ ಇಲ್ಲದ ಅಪ್ಪ, ಮಧ್ಯಾಹ್ನ ಬ್ಯಾಂಕಿನಲ್ಲಿ ಸೈಟು, ಖಾತೆ, ಕಂದಾಯ ರಸೀದಿಗಳಿರುವ ಅಪ್ಪನಾಗಬೇಕು. ಅಂಗಿಯೂ ಬದಲಾಗಬೇಕು, ನಾಡಕಚೇರಿಗೆ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಹೋಗುವ ಅಪ್ಪ ಮಗನ ವಿದ್ಯೆಗೆ ಶತ್ರು. 2024ರಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಅಡಮಾನವೂ ಬೇಡ, ಜಾಮೀನುದಾರನೂ ಬೇಡ. ಆಯ್ದ ಉತ್ತಮ ಸಂಸ್ಥೆಗಳಲ್ಲಿ ಅರ್ಹತೆಯಿಂದ ಸೀಟು ಸಿಕ್ಕಿದರೆ ಸಾಕು. ತಾಲ್ಲೂಕು ಕೇಂದ್ರದ ಬಡಪಾಯಿ ಪದವಿ ಕಾಲೇಜಿನ ಹುಡುಗಿ ಆ ಪಟ್ಟಿಯನ್ನು ಸಾಮಾನ್ಯ ಜ್ಞಾನಕ್ಕಾಗಿ ಓದಿಕೊಳ್ಳಬಹುದು.

ಯಾವ ಇಲಾಖೆಯ ವರದಿಯಲ್ಲೂ ಕಾಣದ ಮೂಲವೊಂದು ಉಳಿದಿದೆ. ಅದು ಅಮ್ಮನ ಬಳೆ. ಕೌನ್ಸೆಲಿಂಗ್‌ನಲ್ಲಿ ಸೀಟು ಸಿಕ್ಕು, ಶುಲ್ಕ ಕಟ್ಟುವ ಕಡೆಯ ದಿನ ಬಂದು, ಬ್ಯಾಂಕಿನ ಫೀಲ್ಡ್ ಆಫೀಸರು ರಜೆಯಲ್ಲಿರುವಾಗ ಕೆಲಸಕ್ಕೆ ಬರುವುದು ಇದೊಂದೇ. ಗಿರವಿ ಅಂಗಡಿಯ ಸೇಟು ಆರ್‌ಡಿ ನಂಬರ್ ಕೇಳುವುದಿಲ್ಲ, ಮಂಜುನಾಥನ ಇನಿಷಿಯಲ್ ಎತ್ತ ಕಡೆ ಇದೆಯೆಂದೂ ನೋಡುವುದಿಲ್ಲ. ಬಳೆಯನ್ನು ಒರೆಗಲ್ಲಿಗೆ ಉಜ್ಜುತ್ತಾನೆ, ತೂಗುತ್ತಾನೆ, ಚೀಟಿ ಬರೆಯುತ್ತಾನೆ. ಬಡ್ಡಿ ಬ್ಯಾಂಕಿಗಿಂತ ಹೆಚ್ಚು, ಮಾತು ಕಡಿಮೆ. ಬಳೆ ಎಲ್ಲಿ ಎಂದು ನೆಂಟರು ಕೇಳಿದರೆ ಪಾಲಿಶ್‌ಗೆ ಕೊಟ್ಟಿದೆ ಎನ್ನಬೇಕು. ಎಂಜಿನಿಯರಿಂಗ್ ಆದರೆ ಪಾಲಿಶ್‌ಗೆ ನಾಲ್ಕು ವರ್ಷ ಹಿಡಿಯುತ್ತದೆ.

ವಿಶ್ವವಿದ್ಯಾನಿಲಯವೂ ಚಿನ್ನ ಕೊಡುತ್ತದಲ್ಲ, ಘಟಿಕೋತ್ಸವದಲ್ಲಿ? ಪ್ರಥಮ ರ‍್ಯಾಂಕ್ ಪಡೆದವಳೊಬ್ಬಳು ಪದಕವನ್ನು ನೇರ ಗಿರವಿ ಅಂಗಡಿಗೆ ಒಯ್ದಳೆಂದು ಇಟ್ಟುಕೊಳ್ಳಿ. ಸೇಟು ಕನ್ನಡಕ ಏರಿಸಿ, ಪದಕದ ಅಂಚನ್ನು ಕಲ್ಲಿಗೆ ಎರಡು ಸಲ ಉಜ್ಜಿ, ಗೆರೆಯನ್ನು ಬೆಳಕಿಗೆ ಹಿಡಿದು ನೋಡುತ್ತಾನೆ.

‘ಮೇಡಂ, ಇದನ್ನ ಶೋಕೇಸಲ್ಲಿ ಇಡಿ. ಬಳೆ ಇಲ್ಲೇ ಇರ್ಲಿ.’